ದುಬಾರಿ ಆಡಿಯೋ ಕೇಬಲ್ಲಾ, ಎಲೆಕ್ಟ್ರಿಕಲ್ ಅಂಗಡಿಯ ಎರಡೂವರೆ ವೈರಾ? ಯಾವ್ದಕ್ಕೆ ಎಷ್ಟು ದುಡ್ಡು ಹಾಕ್ಬೇಕು

ಸ್ಪೀಕರ್ ಆಯ್ತು, ಆಂಪ್ (ಸ್ಪೀಕರ್ ಓಡಿಸೋ ಆಂಪ್ಲಿಫೈಯರ್) ಆಯ್ತು, ಬಿಲ್ ಮಾಡ್ಸೋ ಹೊತ್ತಿಗೆ ಅಂಗಡಿಯವ್ರು "ಸರ್, ಕೇಬಲ್ ಯಾವ್ದು ಹಾಕ್ಲಿ" ಅಂತ ಕೇಳ್ತಾರೆ, ಅದರ ಹಿಂದೇನೇ "ಸಿಸ್ಟಮ್ ರೇಟಿನ ಹತ್ತು ಪರ್ಸೆಂಟ್ ಕೇಬಲ್‌ಗೆ ಇಡ್ಬೇಕು ಸರ್, ಇಲ್ಲಾಂದ್ರೆ ಇಷ್ಟು ಒಳ್ಳೆ ಸ್ಪೀಕರ್ ತಗೊಂಡಿದ್ದೇ ವೇಸ್ಟು" ಅಂತಾನೂ ಹೇಳ್ತಾರೆ. 60 ಸಾವಿರದ ಸಿಸ್ಟಮ್ ಅಂದ್ರೆ 6 ಸಾವಿರ ಬರೀ ವೈರಿಗೆ. ಈ ಹತ್ತು ಪರ್ಸೆಂಟ್ ಲೆಕ್ಕಕ್ಕೆ ಯಾವ ಎಂಜಿನಿಯರಿಂಗ್ ಆಧಾರಾನೂ ಇಲ್ಲ, ಇದು ವ್ಯಾಪಾರದ ಲೆಕ್ಕ ಅಷ್ಟೇ. ವೈರಿಗೆ ನಿಮ್ಮ ಸ್ಪೀಕರ್ ರೇಟ್ ಎಷ್ಟು ಅಂತ ಗೊತ್ತಿರಲ್ಲ, ಅದಕ್ಕೆ ಗೊತ್ತಿರೋದು ಎಷ್ಟು ಉದ್ದ ಇದ್ದೀನಿ, ಎಷ್ಟು ದಪ್ಪ ಇದ್ದೀನಿ, ಆ ತುದೀಲಿರೋ ಸ್ಪೀಕರ್ ಎಷ್ಟು ಓಮ್ ಅನ್ನೋದು ಮಾತ್ರ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಮನೇಲಿ ಕೂತು ಹಾಡು ಕೇಳೋರಿಗೆ 6 ಸಾವಿರದ ಕೇಬಲ್ ಬೇಡ, 600 ರೂಪಾಯಿದು ಸಾಕು. ಹಾಗಂತ ಡಬ್ಬದ ಜೊತೆ ಫ್ರೀಯಾಗಿ ಬರೋ ದಾರದಂಥ ವೈರೂ ಬೇಡ. ಕೇಬಲ್ ಎಲ್ಲಾ ಒಂದೇ ಅನ್ನೋರ ಮಾತೂ ಪೂರ್ತಿ ನಿಜ ಅಲ್ಲ, ಯಾಕಂದ್ರೆ ನಾಲ್ಕೈದು ಜಾಗದಲ್ಲಿ ಕೇಬಲ್ ನಿಜವಾಗ್ಲೂ ಸೌಂಡ್ ಬದಲಾಯಿಸತ್ತೆ, ಅಲ್ಲಿ ಕಂಜೂಸಿ ಮಾಡಿದ್ರೆ ಕಷ್ಟ. ಆ ಜಾಗಗಳು ಯಾವ್ದು, ಮಿಕ್ಕಿದ್ದು ಯಾವ್ದು ಅಂತ ತಿಳ್ಕೊಂಡ್ರೆ ದುಡ್ಡು ಸರಿಯಾದ ಕಡೆ ಹೋಗತ್ತೆ.

ಸ್ಪೀಕರ್ ವೈರ್: ದಪ್ಪ ನೋಡಿ, ಬ್ರ್ಯಾಂಡ್ ಅಲ್ಲ

ಸ್ಪೀಕರ್ ವೈರಿನ ವಿಷಯದಲ್ಲಿ ಲೆಕ್ಕ ಹಾಕೋಕೆ ಇರೋದು ಮುಖ್ಯವಾಗಿ ಒಂದೇ, ರೆಸಿಸ್ಟೆನ್ಸ್, ಅಂದ್ರೆ ಕರೆಂಟಿಗೆ ವೈರು ಒಡ್ಡೋ ಅಡ್ಡಿ, ಇದನ್ನ ಓಮ್‌ನಲ್ಲಿ ಅಳೀತಾರೆ. ಅಮೆರಿಕದ ಮ್ಯಾಕಿಂಟಾಷ್ ಲ್ಯಾಬೊರೇಟರಿಯಲ್ಲಿ (ಕಂಪ್ಯೂಟರ್ ಅಲ್ಲ, ಆಂಪ್ಲಿಫೈಯರ್ ಮಾಡೋ ಕಂಪನಿ) ಸ್ಪೀಕರ್ ಡಿಸೈನ್ ಮಾಡ್ತಿದ್ದ ರೋಜರ್ ರಸೆಲ್ ಅವ್ರು ಇದರ ಬಗ್ಗೆ ತುಂಬಾ ಚೆನ್ನಾಗಿ ಬರೆದಿದ್ದಾರೆ, ಅವ್ರು ಹೇಳೋ ರೂಲ್ ಏನಂದ್ರೆ ವೈರಿನ ಒಟ್ಟು ರೆಸಿಸ್ಟೆನ್ಸ್, ಅಂದ್ರೆ ಹೋಗೋ ವೈರು ಬರೋ ವೈರು ಎರಡೂ ಸೇರಿ, ಸ್ಪೀಕರಿನ ಇಂಪಿಡೆನ್ಸಿನ (ಸ್ಪೀಕರ್ ಹಿಂದೆ ಓಮ್ ಅಂತ ಬರೆದಿರೋ ನಂಬರ್) 5 ಪರ್ಸೆಂಟ್ ದಾಟಬಾರದು. 8 ಓಮ್ ಸ್ಪೀಕರ್‌ಗೆ 0.4 ಓಮ್, 4 ಓಮ್ ಸ್ಪೀಕರ್‌ಗೆ 0.2 ಓಮ್.

ಇದನ್ನ ನಮ್ಮ ಎಲೆಕ್ಟ್ರಿಷಿಯನ್‌ಗಳ ಭಾಷೇಲಿ ಹೇಳೋದಾದ್ರೆ, "ಒಂದು ವೈರು" ಅಂದ್ರೆ 1 ಸ್ಕ್ವೇರ್ ಎಂಎಂ ತಾಮ್ರ, ಅದು 8 ಓಮ್‌ಗೆ ಸುಮಾರು 11 ಮೀಟರ್‌ವರೆಗೆ ನಡೆಯತ್ತೆ, 4 ಓಮ್‌ಗೆ ಐದೂವರೆ ಮೀಟರ್. ಒಂದೂವರೆ ವೈರು 8 ಓಮ್‌ಗೆ 17 ಮೀಟರ್, 4 ಓಮ್‌ಗೆ ಎಂಟು ಚಿಲ್ರೆ. ಎರಡೂವರೆ ವೈರು 8 ಓಮ್‌ಗೆ 29 ಮೀಟರ್, 4 ಓಮ್‌ಗೆ 14. ನಮ್ಮ ಹಾಲ್‌ಗಳಲ್ಲಿ ಆಂಪಿನಿಂದ ಸ್ಪೀಕರ್‌ಗೆ ಮೂರು ಮೀಟರ್ ಇದ್ರೆ ಹೆಚ್ಚು, ಗೋಡೆ ಸುತ್ತಿಸಿ ಹಿಂದಿನ ಸರೌಂಡ್ ಸ್ಪೀಕರ್‌ಗೆ ಒಯ್ದ್ರೂ 12 ಮೀಟರ್ ಒಳಗೇ ಮುಗಿಯತ್ತೆ. ಅಂದ್ರೆ ಎರಡೂವರೆ ವೈರು ಹಾಕಿದ್ರೆ ಬಹುತೇಕ ಮನೆಗಳಲ್ಲಿ ಈ ವಿಷಯ ಅಲ್ಲಿಗೆ ಮುಗೀತು.

ಡೆಸಿಬಲ್‌ನಲ್ಲಿ (ಡಿಬಿ, ಸೌಂಡ್ ಎಷ್ಟು ಜೋರು ಅನ್ನೋ ಅಳತೆ) ನೋಡಿದ್ರೆ ಇನ್ನೂ ಸ್ಪಷ್ಟ ಆಗತ್ತೆ. 5 ಮೀಟರ್ ದೂರಕ್ಕೆ ಎರಡೂವರೆ ವೈರು ಹಾಕಿದ್ರೆ ರೆಸಿಸ್ಟೆನ್ಸ್ ಸುಮಾರು 0.07 ಓಮ್, 8 ಓಮ್ ಸ್ಪೀಕರ್‌ನಲ್ಲಿ ಕಮ್ಮಿ ಆಗೋದು 0.07 ಡಿಬಿ, ಇದು ಯಾರ ಕಿವಿಗೂ ಸಿಗಲ್ಲ. ಅದೇ ಹೋಮ್ ಥಿಯೇಟರ್ ಡಬ್ಬದಲ್ಲಿ ಬರೋ ತೆಳ್ಳನೆ ವೈರಲ್ಲಿ ಕಾಲು ಎಂಎಂಗಿಂತ ಸ್ವಲ್ಪ ಜಾಸ್ತಿ ತಾಮ್ರ ಇದ್ರೆ, ಅದೇ 5 ಮೀಟರ್‌ಗೆ ಅರ್ಧ ಓಮ್ ಆಗತ್ತೆ, 4 ಓಮ್ ಸ್ಪೀಕರ್‌ನಲ್ಲಿ ಒಂದು ಡಿಬಿ ಹೋಯ್ತು. ಬರೀ ವಾಲ್ಯೂಮ್ ಕಮ್ಮಿ ಆಗಿದ್ರೆ ನಾಬ್ ತಿರುಗಿಸಬಹುದಿತ್ತು, ಆದ್ರೆ ಸ್ಪೀಕರಿನ ಇಂಪಿಡೆನ್ಸ್ ಎಲ್ಲಾ ಫ್ರೀಕ್ವೆನ್ಸಿಗೂ ಒಂದೇ ಇರಲ್ಲ, ಒಂದು ಕಡೆ 4 ಓಮ್ ಇದ್ರೆ ಇನ್ನೊಂದು ಕಡೆ 20 ಓಮ್ ಇರತ್ತೆ, ಹಾಗಾಗಿ ಕೆಲವು ಸ್ವರ ಜಾಸ್ತಿ ಕುಗ್ಗತ್ತೆ, ಕೆಲವು ಕುಗ್ಗಲ್ಲ, ಸೌಂಡಿನ ಬಣ್ಣಾನೇ ಸ್ವಲ್ಪ ಬದಲಾಗತ್ತೆ. ತೆಳ್ಳನೆ ವೈರು ತೆಗೆದು ದುಬಾರಿ ಕೇಬಲ್ ಹಾಕಿದೋರು "ವ್ಯತ್ಯಾಸ ಕೇಳಿಸ್ತು" ಅಂತಾರಲ್ಲ, ಎಷ್ಟೋ ಸಲ ಅದು ನಿಜಾನೇ, ಆದ್ರೆ ಅದೇ ವ್ಯತ್ಯಾಸ ಎರಡೂವರೆ ವೈರು ಹಾಕಿದ್ರೂ ಬರ್ತಿತ್ತು.

1970ರ ದಶಕದ ಕೊನೆವರೆಗೂ ಅಮೆರಿಕದಲ್ಲೂ ಜನ ಟೇಬಲ್ ಲ್ಯಾಂಪಿಗೆ ಹಾಕೋ ವೈರನ್ನೇ ಸ್ಪೀಕರ್‌ಗೆ ಹಾಕ್ತಿದ್ರು. ಆಮೇಲೆ ನೋಯೆಲ್ ಲೀ ಅನ್ನೋ ಎಂಜಿನಿಯರ್ ದಪ್ಪ ವೈರನ್ನ ಮಾನ್ಸ್ಟರ್ ಕೇಬಲ್ ಅನ್ನೋ ಹೆಸರಲ್ಲಿ ಮಾರೋಕೆ ಶುರು ಮಾಡಿದ್ರು, ಕೇಬಲ್ ಅನ್ನೋದೇ ಒಂದು ಪ್ರತ್ಯೇಕ ವ್ಯಾಪಾರವಾಗಿ ಬೆಳೆದಿದ್ದು ಅಲ್ಲಿಂದ. ದಪ್ಪ ವೈರ್ ಹಾಕಿ ಅನ್ನೋ ಮಾತು ಸರೀನೇ ಇತ್ತು, ಅಲ್ಲಿಂದ ಮುಂದೆ ಒಂದು ಮೀಟರ್‌ಗೆ ಸಾವಿರ, ಹತ್ತು ಸಾವಿರ, ಲಕ್ಷ ಅಂತ ಏರಿದ್ದಕ್ಕೆ ಮಾತ್ರ ಅಳತೇಲಿ ಸಿಗೋ ಕಾರಣ ಇಲ್ಲ.

ಅಂಗಡೀಲಿ ವೈರು ಹೇಗೆ ನೋಡೋದು

ಬೆಂಗಳೂರಿನೋರಾದ್ರೆ ಎಸ್‌ಪಿ ರೋಡ್, ಬೇರೆ ಊರಾದ್ರೆ ಯಾವುದೇ ಒಳ್ಳೆ ಎಲೆಕ್ಟ್ರಿಕಲ್ ಅಂಗಡಿ. ಫಿನೋಲೆಕ್ಸ್, ಹ್ಯಾವೆಲ್ಸ್, ಪಾಲಿಕ್ಯಾಬ್ ಯಾವುದಾದ್ರೂ ಸರಿ, ಎರಡೂವರೆ ಎಂಎಂ, ಎರಡು ಕೋರ್ ಇರೋ ಫ್ಲೆಕ್ಸಿಬಲ್ ವೈರ್ ಮೀಟರ್ ಲೆಕ್ಕದಲ್ಲಿ ಕೇಳಿ, ಸುಮಾರು ನೂರು ರೂಪಾಯಿ ಆಸುಪಾಸಲ್ಲಿ ಸಿಗತ್ತೆ, ತಾಮ್ರದ ರೇಟ್ ಮೇಲೆ ಏರಿಳಿತ ಇದ್ದೇ ಇರತ್ತೆ. ಎರಡು ಕೋರ್ ಸಿಗ್ಲಿಲ್ಲ ಅಂದ್ರೆ ಕೆಂಪು ಒಂದು ಕಪ್ಪು ಒಂದು ಸಿಂಗಲ್ ವೈರ್ ತಗೊಂಡು ಹುರಿ ಹೊಸೆದ ಹಾಗೆ ಹೊಸೆದ್ರೂ ಆಯ್ತು. ವೈರಿನ ಮೇಲೆ ಐಎಸ್ಐ ಮಾರ್ಕ್ ಜೊತೆ ಐಎಸ್ 694 ಅಂತ ಪ್ರಿಂಟ್ ಇದ್ಯಾ ನೋಡಿ.

ಆನ್‌ಲೈನ್‌ನಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ, ನೋಡೋಕೆ ಹೆಬ್ಬೆರಳಷ್ಟು ದಪ್ಪ ಇರೋ ಅಗ್ಗದ "ಸ್ಪೀಕರ್ ಕೇಬಲ್" ಬರತ್ತಲ್ಲ, ಅಲ್ಲಿ ಜಾಗ್ರತೆ. ತುಂಬಾ ಕಡೆ ಅದು ಸಿಸಿಎ, ಅಂದ್ರೆ ಒಳಗೆ ಅಲ್ಯೂಮಿನಿಯಂ, ಮೇಲೆ ತೆಳುವಾಗಿ ತಾಮ್ರ ಬಳಿದಿರೋದು. ಅದರ ರೆಸಿಸ್ಟೆನ್ಸ್ ಅದೇ ದಪ್ಪದ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು, ಹಾಗಾಗಿ ಎರಡೂವರೆ ಅಂತ ಬರೆದಿರೋ ಸಿಸಿಎ ವೈರು ಕೆಲಸ ಮಾಡೋದು ಒಂದೂವರೆ ತಾಮ್ರದ ಥರ. ಪರೀಕ್ಷೆ ಸುಲಭ. ತುದಿ ಸುಲಿದು ಒಂದೇ ಒಂದು ಎಳೆ ಬೇರೆ ಮಾಡಿ ಬ್ಲೇಡಿಂದ ಮೆಲ್ಲಗೆ ಹೆರೀರಿ, ತಾಮ್ರ ಆದ್ರೆ ಒಳಗೂ ಕೆಂಪಗೇ ಇರತ್ತೆ, ಸಿಸಿಎ ಆದ್ರೆ ಎರಡು ಸಲ ಹೆರೆಯೋಷ್ಟರಲ್ಲಿ ಬೆಳ್ಳಗೆ ಕಾಣತ್ತೆ. ಇನ್ನೂ ಅನುಮಾನ ಇದ್ರೆ ಆ ಎಳೇನ ಇಕ್ಕಳದಲ್ಲಿ ಹಿಡ್ಕೊಂಡು ಲೈಟರ್ ಬೆಂಕಿಗೆ ಹಿಡೀರಿ, ತಾಮ್ರ ಕೆಂಡದ ಬಣ್ಣಕ್ಕೆ ತಿರುಗಿ ಹಾಗೇ ನಿಲ್ಲತ್ತೆ, ಅಲ್ಯೂಮಿನಿಯಂ ಎಳೆ ಸೊರಗಿ ಬಾಗಿ ತುಂಡಾಗತ್ತೆ. ಕೈಯಲ್ಲಿ ಎತ್ತಿ ನೋಡಿದ್ರೂ ತಿಳಿಯತ್ತೆ, ತಾಮ್ರದ ಸುರುಳಿ ಭಾರ ಇರತ್ತೆ. ಸಿಸಿಎ ಹಾಕ್ಲೇಬಾರ್ದು ಅಂತೇನಿಲ್ಲ, ಆದ್ರೆ ಅದು ಬಾಗಿದ ಕಡೆ ಬೇಗ ಮುರಿಯತ್ತೆ, ತಾಮ್ರದ ರೇಟ್ ಕೊಟ್ಟು ಅದನ್ನ ತಗೊಂಡ್ರೆ ಅನ್ಯಾಯ.

ಬೆಳ್ಳಿ, ಚಿನ್ನ, "ಆಕ್ಸಿಜನ್ ಫ್ರೀ"

ದುಬಾರಿ ಕೇಬಲ್ ಬಾಕ್ಸಿನ ಮೇಲೆ ಬರೆದಿರೋದ್ರಲ್ಲಿ ಸುಳ್ಳು ಅಂತ ಇರೋದು ಕಮ್ಮಿ, ನಿಜವಾದ ಸಣ್ಣ ವಿಷಯಾನ ದೊಡ್ಡದು ಮಾಡಿರೋದು ಜಾಸ್ತಿ. ಬೆಳ್ಳಿ ತಾಮ್ರಕ್ಕಿಂತ ಒಳ್ಳೆ ಕಂಡಕ್ಟರ್ ಹೌದು, ಎಷ್ಟು ಒಳ್ಳೇದು ಅಂದ್ರೆ ಸುಮಾರು 6 ಪರ್ಸೆಂಟ್, ಆ ಲಾಭ ನಿಮಗೆ ಬೇಕು ಅಂದ್ರೆ 2.5 ಬದಲು 2.65 ಎಂಎಂ ತಾಮ್ರ ಹಾಕಿದ್ರೂ ಅದೇ ಸಿಗತ್ತೆ. ಆಕ್ಸಿಜನ್ ಫ್ರೀ ತಾಮ್ರ ಮಾಮೂಲಿ ಎಲೆಕ್ಟ್ರಿಕಲ್ ತಾಮ್ರಕ್ಕಿಂತ ಹೆಚ್ಚು ಕಂಡಕ್ಟ್ ಮಾಡೋದು ಸುಮಾರು ಒಂದು ಪರ್ಸೆಂಟ್. ಸ್ಕಿನ್ ಎಫೆಕ್ಟ್ ಅಂತಾರೆ, ಅದೂ ಇದೆ, 20 ಕಿಲೋಹರ್ಟ್ಸ್‌ನಲ್ಲಿ ತಾಮ್ರದೊಳಗೆ ಕರೆಂಟು ಸುಮಾರು ಅರ್ಧ ಮಿಲಿಮೀಟರ್ ಆಳಕ್ಕೆ ಹರಿಯತ್ತೆ, ಎರಡೂವರೆ ವೈರಿನ ಮೇಲಿಂದ ನಡುವಿಗೆ ಇರೋದೇ ಒಂದು ಮಿಲಿಮೀಟರ್ ಒಳಗೆ, ಹಾಗಾಗಿ ಆ 0.07 ಓಮ್ ಒಂಚೂರು ಏರಬಹುದು ಅಷ್ಟೇ. ರೇಡಿಯೋ ಫ್ರೀಕ್ವೆನ್ಸಿಯಲ್ಲಿ ಇದು ದೊಡ್ಡ ವಿಷಯ, ಹಾಡು ಕೇಳೋದ್ರಲ್ಲಿ ಅಲ್ಲ.

ಚಿನ್ನದ ಪ್ಲೇಟಿಂಗ್ ವಿಷಯ ಸ್ವಲ್ಪ ಬೇರೆ. ಚಿನ್ನ ತಾಮ್ರಕ್ಕಿಂತ ಕಮ್ಮಿ ಕಂಡಕ್ಟ್ ಮಾಡತ್ತೆ, ಆದ್ರೆ ಕಿಲುಬು ಹಿಡಿಯಲ್ಲ, ಅದಕ್ಕೇ ಪ್ಲಗ್ಗಿಗೆ ಹಾಕೋದು. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪುಗಾಳಿಗೆ ಪಾರದರ್ಶಕ ಪ್ಲಾಸ್ಟಿಕ್ ಒಳಗಿನ ತಾಮ್ರ ಕೆಲವೇ ವರ್ಷದಲ್ಲಿ ಹಸಿರು ತಿರುಗಿರೋದನ್ನ ಎಷ್ಟೋ ಮನೇಲಿ ನೋಡಬಹುದು. ಕರಾವಳಿಯೋರು ಬರೀ ವೈರಿನ ತುದೀನ ಸ್ಪೀಕರ್ ಟರ್ಮಿನಲ್‌ಗೆ ಸಿಕ್ಕಿಸಿ ಮರೆತುಬಿಡಬೇಡಿ, ಗೋಲ್ಡ್ ಪ್ಲೇಟೆಡ್ ಬನಾನಾ ಪ್ಲಗ್ (ವೈರಿನ ತುದಿಗೆ ಹಾಕಿ ಟರ್ಮಿನಲ್ ಒಳಗೆ ತೂರಿಸೋ ಪಿನ್) ಹಾಕಿ, ಇಲ್ಲ ತುದಿಗೆ ಸೀಸ ಹಾಕಿ ಬೆಸುಗೆ ಮಾಡಿಸಿದ ಪಿನ್ ಹಾಕಿ, ಟಿನ್ ಬಳಿದ ತಾಮ್ರದ ವೈರು ಸಿಕ್ಕಿದ್ರಂತೂ ಇನ್ನೂ ಒಳ್ಳೇದು. ಎರಡು ಮೂರು ವರ್ಷಕ್ಕೊಮ್ಮೆ ತುದಿ ಅರ್ಧ ಇಂಚು ಕತ್ತರಿಸಿ ಹೊಸದಾಗಿ ಸುಲಿದು ಹಾಕೋದು ಎಲ್ಲಕ್ಕಿಂತ ಅಗ್ಗದ ದಾರಿ. ಇಲ್ಲಿ ನಾಲ್ಕು ಪ್ಲಗ್ಗಿಗೆ ಕೆಲವು ನೂರು ರೂಪಾಯಿ ಹಾಕೋದು ದಂಡ ಅಲ್ಲ.

ಕೇಬಲ್ ಮೇಲಿನ ಬಾಣದ ಗುರುತಿನ ಬಗ್ಗೆ ಕೇಳ್ತಾರೆ. ಸ್ಪೀಕರ್ ವೈರಲ್ಲಿ ಹರಿಯೋದು ಎಸಿ ಸಿಗ್ನಲ್, ಅದು ಹಿಂದೆ ಮುಂದೆ ಎರಡೂ ಕಡೆ ಹೋಗತ್ತೆ, ಬಾಣಕ್ಕೆ ಅರ್ಥ ಇಲ್ಲ. ಒಂದು ಸಾಧನದಿಂದ ಇನ್ನೊಂದಕ್ಕೆ ಸಿಗ್ನಲ್ ಒಯ್ಯೋ ಕೆಲವು ಶೀಲ್ಡೆಡ್ ಕೇಬಲ್‌ಗಳಲ್ಲಿ (ಇಂಟರ್‌ಕನೆಕ್ಟ್) ಮಾತ್ರ ಹೊರಗಿನ ಜಾಲರಿ ಒಂದೇ ತುದೀಲಿ ಕನೆಕ್ಟ್ ಆಗಿರತ್ತೆ, ಅಲ್ಲಿ ಬಾಣ ನೋಡಿ ಹಾಕೋದು ಸರಿ.

"ಆದ್ರೆ ನನಗೆ ಕೇಳ್ಸತ್ತಲ್ಲ"

ಈ ಮಾತನ್ನ ನಾನು ತಳ್ಳಿಹಾಕಲ್ಲ, ಕೇಳಿಸಿದ್ದು ಅವ್ರಿಗೆ ನಿಜವಾಗ್ಲೂ ಕೇಳಿಸಿದೆ. ಪ್ರಶ್ನೆ ಏನಂದ್ರೆ ಅದು ವೈರಿಂದ ಬಂತಾ, ವೈರು ಯಾವ್ದು ಅಂತ ಗೊತ್ತಿದ್ದಿದ್ರಿಂದ ಬಂತಾ. ಫ್ಲಾಯ್ಡ್ ಟೂಲ್ ಮತ್ತೆ ಶಾನ್ ಆಲಿವ್ ಅಂತ ಹರ್ಮನ್ ಅನ್ನೋ ಆಡಿಯೋ ಕಂಪನಿಯ ಇಬ್ಬರು ಸಂಶೋಧಕರು 1994ರಲ್ಲಿ ಸ್ಪೀಕರ್‌ಗಳ ಮೇಲೇ ಇದನ್ನ ಮಾಡಿ ತೋರಿಸಿದ್ರು, ಅದೇ ಜನ ಅದೇ ಸ್ಪೀಕರ್‌ಗಳಿಗೆ ಕಣ್ಣಿಗೆ ಕಾಣೋ ಹಾಗಿದ್ದಾಗ ಕೊಟ್ಟ ಮಾರ್ಕ್ಸೇ ಬೇರೆ, ಪರದೆ ಹಿಂದೆ ಇಟ್ಟಾಗ ಕೊಟ್ಟಿದ್ದೇ ಬೇರೆ. ಸ್ಪೀಕರ್‌ಗಳ ನಡುವೆ ನಿಜವಾದ ದೊಡ್ಡ ವ್ಯತ್ಯಾಸ ಇರತ್ತೆ, ಅಲ್ಲೇ ಹೀಗಾದ್ರೆ ಕೇಬಲ್ ಗತಿ ಯೋಚನೆ ಮಾಡಿ. 2007ರಲ್ಲಿ ಅಮೆರಿಕದ ಜೇಮ್ಸ್ ರಾಂಡಿ, ಪವಾಡ ಮಾಡ್ತೀವಿ ಅನ್ನೋರಿಗೆ ಹತ್ತು ಲಕ್ಷ ಡಾಲರ್ ಸವಾಲು ಹಾಕಿದ್ರಲ್ಲ ಅವ್ರೇ, ಪೇರ್ ಅನ್ನೋ ಕಂಪನಿಯ 12 ಅಡಿಗೆ 7,250 ಡಾಲರ್ ಬೆಲೆಯ ಆಂಜೂ ಸ್ಪೀಕರ್ ಕೇಬಲ್ಲನ್ನ ಮಾಮೂಲಿ ಕೇಬಲ್ಲಿಂದ ಬರೀ ಕಿವೀಲಿ ಕೇಳಿ ಗುರುತಿಸಿದ್ರೆ ಆ ದುಡ್ಡು ಕೊಡ್ತೀನಿ ಅಂದ್ರು. ಸ್ಟೀರಿಯೋಫೈಲ್ ಪತ್ರಿಕೆಯ ಮೈಕಲ್ ಫ್ರೆಮರ್ ಒಪ್ಪಿದ್ರು, ಆದ್ರೆ ಕೇಬಲ್ ಕಂಪನಿ ಹಿಂದೆ ಸರೀತು, ಪರೀಕ್ಷೆ ನಡೀಲೇ ಇಲ್ಲ.

ನೀವೇ ಮನೇಲಿ ಮಾಡಿ ನೋಡಬಹುದು, ಮತ್ತೆ ಮಾಡ್ಲೇಬೇಕು ಅಂತೀನಿ, ದೊಡ್ಡ ಮೊತ್ತ ಹಾಕೋ ಮುಂಚೆ. ಅಂಗಡೀಲಿ ವಾಪಸ್ ತಗೋತಾರಾ ಅಂತ ಮೊದಲೇ ಕೇಳಿ ಕೇಬಲ್ ತನ್ನಿ. ಆಂಪಿನ ಹಿಂಭಾಗ ಕಾಣದ ಹಾಗೆ ಒಂದು ಬೆಡ್‌ಶೀಟ್ ಅಡ್ಡ ಕಟ್ಟಿ, ತಮ್ಮನೋ ತಂಗೀನೋ ಹಿಂದೆ ಕೂತು ನಾಣ್ಯ ಚಿಮ್ಮಿ, ಹೆಡ್ಸ್ ಬಿದ್ರೆ ದುಬಾರಿದು, ಟೇಲ್ಸ್ ಬಿದ್ರೆ ಅಗ್ಗದ್ದು ಹಾಕಿ ಚೀಟೀಲಿ ಬರ್ಕೋಬೇಕು, ನಿಮ್ಮ ಮುಖ ನೋಡಬಾರ್ದು ಮಾತಾಡಬಾರ್ದು, ಮತ್ತೆ ಅದೇ ವೈರೇ ಬಂದ್ರೂ ಬಿಚ್ಚಿ ಮತ್ತೆ ಹಾಕಬೇಕು, ಇಲ್ಲಾಂದ್ರೆ ಸದ್ದಿನಿಂದ್ಲೇ ನಿಮಗೆ ಗೊತ್ತಾಗ್ಬಿಡತ್ತೆ. ಪ್ರತಿ ಸಲ ಬಿಚ್ಚೋ ಮುಂಚೆ ಆಂಪ್ ಆಫ್. ಹಾಡು ಒಂದೇ, ಅದರ ಅದೇ ಒಂದು ನಿಮಿಷ, ವಾಲ್ಯೂಮ್ ಮುಟ್ಟಂಗಿಲ್ಲ. ಹೀಗೆ 16 ಸಲ ಮಾಡಿ 12 ಸಲ ಸರಿ ಹೇಳಿದ್ರೆ ನಿಮಗೆ ನಿಜವಾಗ್ಲೂ ಕೇಳಿಸ್ತಿದೆ ಅಂತ ಒಪ್ಪಬಹುದು, ಎಂಟು ಒಂಬತ್ತು ಬಂದ್ರೆ ಅದು ಬರೀ ಅಂದಾಜು. ಅಂಗಡಿ ಡೆಮೋದಲ್ಲಿ ಇದ್ಯಾವ್ದೂ ಇರಲ್ಲ, ಅರ್ಧ ಡಿಬಿ ವಾಲ್ಯೂಮ್ ಜಾಸ್ತಿ ಆದ್ರೂ ನಮ್ಮ ಕಿವಿ ಅದನ್ನ ಜೋರು ಅಂತ ಹೇಳಲ್ಲ, "ಕ್ಲಿಯರ್ ಆಗಿದೆ" ಅಂತ ಹೇಳತ್ತೆ.

ಇನ್ನು ನೂರು ಗಂಟೆ ಓಡಿಸಿದ್ಮೇಲೆ ಕೇಬಲ್ ಪಳಗತ್ತೆ ಅನ್ನೋ ಮಾತು, ನನ್ನ ಪ್ರಕಾರ ಪಳಗೋದು ನಮ್ಮ ಕಿವಿ. ಅಷ್ಟರಲ್ಲಿ ವಾಪಸ್ ಕೊಡೋ ಗಡುವೂ ಮುಗಿದಿರತ್ತೆ.

ಕೇಬಲ್ ನಿಜವಾಗ್ಲೂ ಮುಖ್ಯ ಆಗೋ ಕಡೆ

ಮೊದಲನೇದು ರೆಕಾರ್ಡ್ ಪ್ಲೇಯರ್. ಮೂವಿಂಗ್ ಮ್ಯಾಗ್ನೆಟ್ ಅನ್ನೋ ಥರದ ಕಾರ್ಟ್ರಿಜ್ (ರೆಕಾರ್ಡಿನ ಮೇಲೆ ಓಡೋ ಸೂಜಿ ಇರೋ ಭಾಗ) ಇರೋ ಟರ್ನ್‌ಟೇಬಲ್ ಇದ್ರೆ ಕೇಬಲ್ಲಿನ ಕೆಪಾಸಿಟೆನ್ಸ್ (ಎರಡು ವೈರಿನ ನಡುವೆ ಚಾರ್ಜ್ ಹಿಡಿದಿಡೋ ಗುಣ, ಪಿಕೋಫ್ಯಾರಡ್‌ನಲ್ಲಿ ಅಳೆಯೋದು) ಟ್ರೆಬಲ್ಲನ್ನ ನೇರವಾಗಿ ಬದಲಾಯಿಸತ್ತೆ. ಆಡಿಯೋ ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್‌ಗೆ ಕಂಪನಿ ಹೇಳೋದು ಒಟ್ಟು 100ರಿಂದ 200 ಪಿಕೋಫ್ಯಾರಡ್, ಆರ್ಟೋಫಾನ್ 2ಎಂ ರೆಡ್‌ಗೆ 150ರಿಂದ 300. ಈ ಲೆಕ್ಕದಲ್ಲಿ ಟೋನ್‌ಆರ್ಮ್ ಒಳಗಿನ ವೈರು, ಆರ್‌ಸಿಎ ಕೇಬಲ್ (ಕೆಂಪು ಬಿಳಿ ಪ್ಲಗ್ಗಿಂದು), ಫೋನೋ ಸ್ಟೇಜ್ (ರೆಕಾರ್ಡ್ ಪ್ಲೇಯರಿನ ಸಣ್ಣ ಸಿಗ್ನಲ್ ದೊಡ್ಡದು ಮಾಡೋ ಭಾಗ) ಮೂರೂ ಸೇರತ್ತೆ, ಎರಡು ಮೀಟರ್ ಅಗ್ಗದ ಕೇಬಲ್ ಒಂದೇ ಅಷ್ಟನ್ನೂ ತಿಂದುಬಿಡಬಹುದು, ಆಗ ಮೇಲಿನ ಸ್ವರಗಳಲ್ಲಿ ಒಂದು ಉಬ್ಬು ಬಂದು ಆಮೇಲೆ ಸೌಂಡು ಬೇಗ ಇಳಿದುಹೋಗತ್ತೆ. ಇಲ್ಲಿ ಕೇಳಬೇಕಾದ್ದು "ಮೀಟರ್‌ಗೆ ಎಷ್ಟು ಪಿಕೋಫ್ಯಾರಡ್" ಅಂತ, ಆ ನಂಬರ್ ಬರೆದಿರೋ ಕೇಬಲ್ಲೇ ತಗೊಳ್ಳಿ, ಒಂದು ಮೀಟರ್‌ಗಿಂತ ಉದ್ದ ಬೇಡ. ಎಷ್ಟೋ ದುಬಾರಿ ಕೇಬಲ್ ಬಾಕ್ಸ್ ಮೇಲೆ ತಾಮ್ರದ ಶುದ್ಧತೆ ಬಗ್ಗೆ ಪುಟಗಟ್ಟಲೆ ಇರತ್ತೆ, ಈ ಒಂದು ನಂಬರ್ ಇರಲ್ಲ.

ಎರಡನೇದು ಎಲೆಕ್ಟ್ರಿಕ್ ಗಿಟಾರ್, ಮತ್ತೆ ವೀಣೆ ವಯಲಿನ್‌ಗೆ ಅಂಟಿಸೋ ಕಾಂಟ್ಯಾಕ್ಟ್ ಮೈಕ್. ಇವೆಲ್ಲಾ ಹೈ ಇಂಪಿಡೆನ್ಸ್, ಬ್ಯಾಟರಿ ಇಲ್ಲದ ಪಿಕಪ್ ಆದ್ರೆ ಉದ್ದ ಕೇಬಲ್ ಹಾಕಿದಷ್ಟೂ ಗಿಟಾರಿನ ಟ್ರೆಬಲ್ ಮಂಕಾಗತ್ತೆ, ಶೀಲ್ಡಿಂಗ್ ಸರಿ ಇಲ್ಲಾಂದ್ರೆ ಸ್ಟೇಜಿನ ಡಿಮ್ಮರ್ ಲೈಟಿನ ಗುಂಯ್ ಅನ್ನೋ ಸದ್ದೆಲ್ಲಾ ಒಳಗೆ ಬರತ್ತೆ. ಕಛೇರಿ ಕೊಡೋ ಕಲಾವಿದರು ಒಳ್ಳೆ ಶೀಲ್ಡೆಡ್ ಕೇಬಲ್‌ಗೆ ದುಡ್ಡು ಹಾಕಿದ್ರೆ ಅದು ಪೂರ್ತಿ ಸಾರ್ಥಕ, ಕೇಬಲ್ ಚಿಕ್ಕದಾಗಿ ಇಟ್ಕೊಂಡು ಪಕ್ಕದಲ್ಲೇ ಒಂದು ಪ್ರೀಆಂಪ್ ಇಟ್ಕೊಂಡ್ರೆ ಇನ್ನೂ ಒಳ್ಳೇದು.

ಮೂರನೇದು ಸ್ಟೇಜಿನ ಕೆಲಸ. ಯಕ್ಷಗಾನಕ್ಕೋ ಊರಹಬ್ಬಕ್ಕೋ ಸೌಂಡ್ ಹಾಕೋರಿಗೆ ಕೇಬಲ್ ದಿನಾ ಸುತ್ತೋದು ಬಿಚ್ಚೋದು ತುಳಿಸ್ಕೊಳ್ಳೋದು, ಅಲ್ಲಿ ಕೈ ಕೊಡೋದು ತಾಮ್ರ ಅಲ್ಲ, ಪ್ಲಗ್ಗಿನ ಒಳಗಿನ ಬೆಸುಗೆ. ಅಲ್ಲಿ ನ್ಯೂಟ್ರಿಕ್ ಥರದ ಬಿಚ್ಚಿ ರಿಪೇರಿ ಮಾಡೋಕಾಗೋ ಕನೆಕ್ಟರ್, ಮೊಗಾಮಿ ಅಥವಾ ಕ್ಯಾನೇರ್ ಅಥವಾ ಬೆಲ್ಡನ್ ಥರದ ಬ್ಯಾಲೆನ್ಸ್ಡ್ ಕೇಬಲ್ (ಒಂದೇ ಸಿಗ್ನಲ್ಲನ್ನ ಎರಡು ವೈರಲ್ಲಿ ಕಳಿಸಿ ಹೊರಗಿನ ಗದ್ದಲ ಕಳೆಯೋದು) ತಗೊಳ್ಳಿ, ಸ್ಟುಡಿಯೋಗಳಲ್ಲಿ ಬಳಸೋದೂ ಇಂಥದ್ದೇ, ಹೈಫೈ ಅಂಗಡಿಯ ಕೇಬಲ್ ರೇಟಿನ ಮುಂದೆ ಇವು ಏನೇನೂ ಅಲ್ಲ. ಸ್ಪೀಕರ್ 40 ಮೀಟರ್ ದೂರ ಇದ್ರೆ 4 ಎಂಎಂ ತಾಮ್ರ ಹಾಕಿದ್ರೂ 0.34 ಓಮ್ ಆಗತ್ತೆ, 4 ಓಮ್ ಲೋಡಿಗೆ ಅದು ಜಾಸ್ತಿ, ಅಷ್ಟು ದೂರಕ್ಕೆ ಪವರ್ಡ್ ಸ್ಪೀಕರ್ (ಒಳಗೇ ಆಂಪ್ ಇರೋದು) ಇಟ್ಟು ಎಕ್ಸ್‌ಎಲ್‌ಆರ್ ಲೈನ್ (ಮೂರು ಪಿನ್ನಿನ ಮೈಕ್ ಕೇಬಲ್) ಎಳೆಯೋದೇ ಸರಿ.

ಇನ್ನು ಮನೇಲಿ ಸಿಡಿ ಪ್ಲೇಯರ್, ಡ್ಯಾಕ್ (ಡಿಜಿಟಲ್ ಹಾಡನ್ನ ಅನಲಾಗ್ ಸಿಗ್ನಲ್ ಮಾಡೋ ಡಬ್ಬ), ಟಿವಿಯಿಂದ ಆಂಪಿಗೆ ಹೋಗೋ ಒಂದು ಮೀಟರ್ ಆರ್‌ಸಿಎ ಕೇಬಲ್, ಇಲ್ಲಿ ಗಟ್ಟಿಯಾಗಿ ಕೂರೋ ಪ್ಲಗ್ಗು, ಒಳ್ಳೆ ಜಾಲರಿ ಶೀಲ್ಡ್ ಇದ್ರೆ ಮುಗೀತು, ಐನೂರು ರೂಪಾಯಿ ಮೇಲೆ ಹೋಗೋ ಅವಶ್ಯಕತೆ ನನಗೆ ಕಾಣಲ್ಲ. ಗುಂಯ್ ಅಂತ ಹಮ್ ಬರ್ತಿದೆ ಅಂತ ದುಬಾರಿ ಆರ್‌ಸಿಎ ಕೊಳ್ಳೋರು ತುಂಬಾ ಜನ, ಆದ್ರೆ ಅದು ಬಹಳಷ್ಟು ಸಲ ಗ್ರೌಂಡ್ ಲೂಪ್, ಅಂದ್ರೆ ಎರಡು ಸಾಧನಗಳ ಅರ್ಥ್ ಒಂದಕ್ಕಿಂತ ಹೆಚ್ಚು ದಾರೀಲಿ ಸೇರಿ ಬರೋ ಸದ್ದು. ಸೆಟ್‌ಟಾಪ್ ಬಾಕ್ಸ್ ಹಿಂದಿನ ಕೇಬಲ್ ಟಿವಿ ವೈರನ್ನ ಒಂದು ಸಲ ಕಿತ್ತು ನೋಡಿ, ಹಮ್ ತಕ್ಷಣ ನಿಂತ್ರೆ ಕಳ್ಳ ಸಿಕ್ಕಿದ ಹಾಗೆ, ಅಲ್ಲೊಂದು ಕೆಲವು ನೂರು ರೂಪಾಯಿಯ ಐಸೊಲೇಟರ್ ಹಾಕಿದ್ರೆ ಆಯ್ತು. ಇಲ್ಲಾಂದ್ರೆ ಟಿವಿಯಿಂದ ಆಂಪಿಗೆ ಆಪ್ಟಿಕಲ್ ಕೇಬಲ್ ಹಾಕಿ, ಅದರಲ್ಲಿ ಹೋಗೋದು ಬೆಳಕು, ಲೋಹದ ಸಂಪರ್ಕಾನೇ ಇಲ್ಲ, ಹಮ್ ದಾಟಿ ಬರೋಕೆ ದಾರೀನೇ ಇರಲ್ಲ.

ಡಿಜಿಟಲ್ ಕೇಬಲ್

ಎಚ್‌ಡಿಎಂಐ, ಯುಎಸ್‌ಬಿ, ಆಪ್ಟಿಕಲ್, ನೆಟ್‌ವರ್ಕ್ ಕೇಬಲ್ ಇವುಗಳಲ್ಲಿ ಸೌಂಡ್ ಮಧುರ ಆಗೋದು, ಬಾಸ್ ಗಟ್ಟಿ ಆಗೋದು ಅಂತೆಲ್ಲಾ ಇಲ್ಲ. ಡೇಟಾ ತಲುಪತ್ತೆ, ಇಲ್ಲಾಂದ್ರೆ ಸೌಂಡ್ ಕಟ್ ಆಗತ್ತೆ, ಟಪ್ ಟಪ್ ಅನ್ನತ್ತೆ, ಪರದೆ ಮೇಲೆ ಚುಕ್ಕಿ ಮಿನುಗತ್ತೆ. 2008ರಲ್ಲಿ ಡೆನಾನ್ ಕಂಪನಿ ಒಂದೂವರೆ ಮೀಟರ್‌ನ ಒಂದು ನೆಟ್‌ವರ್ಕ್ ಥರದ ಕೇಬಲ್ಲಿಗೆ 499 ಡಾಲರ್ ಇಟ್ಟಿತ್ತು, ಅಂಥದಕ್ಕೆ ದುಡ್ಡು ಕೊಡೋಕೆ ಯಾವ ಕಾರಣಾನೂ ಇಲ್ಲ. ಎಚ್‌ಡಿಎಂಐನಲ್ಲಿ ನೋಡಬೇಕಾದ್ದು ಸರ್ಟಿಫಿಕೇಶನ್ ಒಂದೇ. 4ಕೆ 60 ಹರ್ಟ್ಸ್‌ವರೆಗೆ "ಪ್ರೀಮಿಯಂ ಹೈ ಸ್ಪೀಡ್" ಸಾಕು, ಅದು 18 ಗಿಗಾಬಿಟ್. ಹೊಸ ಗೇಮ್ ಕನ್ಸೋಲ್ 4ಕೆ 120ರಲ್ಲಿ ಆಡೋರಿಗೆ "ಅಲ್ಟ್ರಾ ಹೈ ಸ್ಪೀಡ್", 48 ಗಿಗಾಬಿಟ್, ಬಾಕ್ಸ್ ಮೇಲೆ ಸ್ಕ್ಯಾನ್ ಮಾಡೋ ಲೇಬಲ್ ಇರತ್ತೆ. ಎರಡು ಮೀಟರ್‌ದು ಸಾವಿರದ ಆಸುಪಾಸಲ್ಲೇ ಸಿಗತ್ತೆ. ಪ್ರೊಜೆಕ್ಟರ್‌ಗೆ ಹತ್ತು ಮೀಟರ್ ಬೇಕು ಅಂದ್ರೆ ಮಾತ್ರ ತಾಮ್ರ ಬಿಟ್ಟು ಆಪ್ಟಿಕಲ್ ಎಚ್‌ಡಿಎಂಐಗೆ ಜಾಸ್ತಿ ದುಡ್ಡು ಹಾಕ್ಬೇಕಾಗತ್ತೆ, ಅದಕ್ಕೆ ಟಿವಿ ಕಡೆ ತುದಿ, ಪ್ಲೇಯರ್ ಕಡೆ ತುದಿ ಬೇರೆ ಬೇರೆ, ತಿರುವುಮುರುವು ಹಾಕಿದ್ರೆ ಕೆಲಸ ಮಾಡಲ್ಲ.

ಮನೆ ಕಟ್ಟಿಸ್ತಿರೋರಿಗೆ ಒಂದು ಮಾತು. ಗೋಡೆ ಒಳಗೆ ಎಚ್‌ಡಿಎಂಐ ಹೂತುಹಾಕಬೇಡಿ, ಕೆಲವು ವರ್ಷದಲ್ಲಿ ಸ್ಟ್ಯಾಂಡರ್ಡ್ ಬದಲಾಗಬಹುದು. ಒಂದು ಅಗಲದ ಖಾಲಿ ಪೈಪ್ ಹಾಕಿಸಿ ಒಳಗೆ ಎಳೆಯೋಕೆ ಒಂದು ನೈಲಾನ್ ಹಗ್ಗ ಬಿಡಿಸಿ. ಸ್ಪೀಕರ್‌ಗೆ ಎರಡೂವರೆ ತಾಮ್ರ ಈಗ್ಲೇ ಎಳೆಸಿಬಿಡಿ, ಆದ್ರೆ ಕರೆಂಟ್ ವೈರ್ ಹೋಗೋ ಪೈಪಲ್ಲಿ ಬೇಡ.

ಪವರ್ ಕಾರ್ಡ್

ಬೀದಿ ಟ್ರಾನ್ಸ್‌ಫಾರ್ಮರ್‌ನಿಂದ ನಿಮ್ಮ ಗೋಡೆ ಸಾಕೆಟ್‌ವರೆಗೆ ಕರೆಂಟು ಮಾಮೂಲಿ ವೈರಲ್ಲೇ ನೂರಾರು ಮೀಟರ್ ಬಂದಿರತ್ತೆ, ಕೊನೆಯ ಒಂದೂವರೆ ಮೀಟರ್‌ಗೆ 20 ಸಾವಿರದ ಕಾರ್ಡ್ ಹಾಕಿ ಅಂತಾರೆ. ಆಂಪ್ ಒಳಗೆ ಹೋದ ತಕ್ಷಣ ಅದು ಡಿಸಿ ಆಗಿ ದೊಡ್ಡ ಕೆಪಾಸಿಟರ್‌ಗಳಲ್ಲಿ ಸೋಸಿಕೊಂಡೇ ಮುಂದೆ ಹೋಗೋದು. ಅದರ ಬದಲು ಆ ಸಾಕೆಟ್ಟಿನ ಅರ್ಥಿಂಗ್ ಸರಿ ಇದ್ಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಇಟ್ಟು ನೋಡ್ಸಿ, ವೋಲ್ಟೇಜ್ ಏರಿಳಿಯೋ ಊರಾದ್ರೆ ಸ್ಟೆಬಿಲೈಜರ್ ಹಾಕಿ. ಮಲೆನಾಡಿನೋರು ಗುಡುಗು ಶುರುವಾದ್ರೆ ಪ್ಲಗ್ ಕಿತ್ತಿಡೋದೇ ಸರಿ, ಹತ್ತಿರಕ್ಕೆ ಸಿಡಿಲು ಬಡಿದ್ರೆ ಸರ್ಜ್ ಪ್ರೊಟೆಕ್ಟರ್ ಒಂದನ್ನೇ ನಂಬ್ಕೊಂಡು ಕೂರೋಕಾಗಲ್ಲ.

ಆ ಆರು ಸಾವಿರ ಎಲ್ಲಿ ಹಾಕೋದು

ನಮ್ಮ ಹಾಲ್‌ಗಳು ಅಂದ್ರೆ ಕೆಳಗೆ ಟೈಲ್ಸು, ಸುತ್ತ ಬರೀ ಗೋಡೆ, ಮೇಲೆ ಕಾಂಕ್ರೀಟು. ರೂಮಿನ ಅಳತೆಯಿಂದಾಗಿ ಬಾಸ್‌ನಲ್ಲಿ 10 ಡಿಬಿ ಏರು ತಗ್ಗು ಇರೋದು ತೀರಾ ಮಾಮೂಲಿ. ಮೇಲೆ ವೈರಿಂದ ಆಗೋ ವ್ಯತ್ಯಾಸ 0.07 ಡಿಬಿ ಅಂತ ಹೇಳಿದ್ನಲ್ಲ, ಅದರ ಪಕ್ಕದಲ್ಲಿ ಇದನ್ನ ಇಟ್ಟು ನೋಡಿ. ಮೊದಲು ದುಡ್ಡಿಲ್ಲದ ಕೆಲಸ, ಸ್ಪೀಕರ್‌ನ ಮೂಲೆಯಿಂದ ಎರಡಡಿ ಈಚೆ ತಂದು ಕೇಳಿ, ಸೋಫಾನ ಹಿಂದಿನ ಗೋಡೆಯಿಂದ ಸ್ವಲ್ಪ ಮುಂದೆ ಎಳೆದು ಕೇಳಿ. ಆಮೇಲೆ ದಪ್ಪ ಜಮಖಾನ, ದಪ್ಪ ಪರದೆ, ಪುಸ್ತಕ ತುಂಬಿದ ಶೆಲ್ಫು. ಗಟ್ಟಿ ಸ್ಪೀಕರ್ ಸ್ಟ್ಯಾಂಡ್, ಟ್ವೀಟರ್ ಕಿವಿ ಎತ್ತರಕ್ಕೆ ಬರೋ ಹಾಗೆ. ಇನ್ನೂ ಆಸಕ್ತಿ ಇದ್ರೆ ಆರ್‌ಇಡಬ್ಲ್ಯೂ ಅನ್ನೋ ಸಾಫ್ಟ್‌ವೇರ್ ಫ್ರೀ ಇದೆ, ಒಂದು ಮೆಷರ್‌ಮೆಂಟ್ ಮೈಕ್ ತಗೊಂಡು ರೂಮನ್ನ ಅಳೀಬಹುದು, ಯಾವ ಕೇಬಲ್ಲಿಗಿಂತ್ಲೂ ಅದು ಜಾಸ್ತಿ ಕಲಿಸತ್ತೆ.

ಒಂದು ವರ್ಗದೋರಿಗೆ ಮಾತ್ರ ನಾನು ಬೇಡ ಅನ್ನಲ್ಲ. ಸಿಸ್ಟಮ್ ಎಲ್ಲಾ ಮನಸ್ಸಿಗೆ ಬಂದ ಹಾಗೆ ಆಗಿದೆ, ರೂಮೂ ಸರಿ ಮಾಡ್ಸಿದ್ದೀನಿ, ಕೈಯಲ್ಲಿ ದುಡ್ಡಿದೆ, ನೇಯ್ದ ಜಾಲರಿಯ ಚಂದದ ಕೇಬಲ್ ಕಣ್ಣಿಗೆ ಖುಷಿ ಕೊಡತ್ತೆ ಅಂದ್ರೆ ಧಾರಾಳವಾಗಿ ತಗೊಳ್ಳಿ, ಕ್ಯೂಇಡಿ ಥರದ ಕೇಬಲ್ ಕಂಪನಿಗಳ ಶುರುವಿನ ಮಾಡೆಲ್‌ಗಳು ಗಟ್ಟಿಮುಟ್ಟಾಗಿರತ್ತೆ, ನೋಡೋಕೂ ಚೆನ್ನಾಗಿರತ್ತೆ. ಸಾಲ ಮಾಡಿಯೋ ಸ್ಪೀಕರ್ ಬಜೆಟ್ ಕತ್ತರಿಸಿಯೋ ಕೇಬಲ್ ತಗೊಳ್ಳೋದು ಮಾತ್ರ ದಯವಿಟ್ಟು ಬೇಡ, 5 ಸಾವಿರ ಸ್ಪೀಕರ್‌ಗೆ ಸೇರಿಸಿದ್ರೆ ಒಂದು ಮೆಟ್ಟಿಲು ಮೇಲಿನ ಮಾಡೆಲ್ಲೇ ಬರತ್ತೆ.

ವೈರು ಯಾವ್ದೇ ತಗೊಳ್ಳಿ, ಹಾಕುವಾಗ ಪ್ಲಸ್ ಮೈನಸ್ ಎರಡೂ ಸ್ಪೀಕರ್‌ಗೆ ಒಂದೇ ಥರ ಇರಲಿ. ಒಂದು ಕಡೆ ಉಲ್ಟಾ ಆದ್ರೆ ಬಾಸ್ ಮಾಯ ಆಗತ್ತೆ, ನಡುವಿಂದ ಬರಬೇಕಾದ ಹಾಡುಗಾರರ ದನಿ ಎಲ್ಲಿಂದ ಬರ್ತಿದೆ ಅಂತಾನೇ ತಿಳಿಯಲ್ಲ. ಗೋಡೆ ಒಳಗೆ ಹೋಗಿ ಬಂದ ವೈರಿಗೆ ಗುರುತು ಇಲ್ಲಾಂದ್ರೆ ಆಂಪ್ ಕಡೆ ತುದೀನ ಆಂಪಿಂದ ಬಿಚ್ಚಿ ಒಂದೂವರೆ ವೋಲ್ಟ್‌ನ ಪೆನ್ಸಿಲ್ ಸೆಲ್ಲಿಗೆ ಅರೆಕ್ಷಣ ಮುಟ್ಟಿಸಿ, ಇನ್ನೊಬ್ಬರು ಸ್ಪೀಕರಿನ ಜಾಲರಿ ತೆಗೆದು ವೂಫರ್ ನೋಡ್ತಿರಲಿ. ಕೋನ್ ಮುಂದಕ್ಕೆ ಬಂದ್ರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಪ್ಲಸ್ ವೈರು, ಹಿಂದಕ್ಕೆ ಹೋದ್ರೆ ಇನ್ನೊಂದು. ಆ ವೈರಿಗೆ ಅಲ್ಲೇ ಕೆಂಪು ಟೇಪ್ ಸುತ್ತಿಬಿಡಿ.